ಊರಿಗೆ ಮುಷ್ಟಿ, ಹೊಳೆಗೆ ಬೀಸು

ಕಟಕೋಳ ಮಾಸ್ತರರ ಇಂಗ್ಲಿಷ್ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಯಾರೂ ಕೂಡುತ್ತಿರಲಿಲ್ಲ. ಬೈಯುತ್ತಾರೆಂದಲ್ಲ, ಕೈ ತಾಗುತ್ತದೆಂದು. ‘ಬೈಲಹೊಂಗಲ’ ಎಂದರೆ ಅವರ ಮುಷ್ಟಿ ಮೇಜಿನ ಮೇಲೆ ಧಪ್ಪನೆ ಬೀಳುತ್ತಿತ್ತು. ‘ಮಲಪ್ರಭಾ’ ಎಂದರೆ ಅದೇ ಕೈ ಕಿಟಕಿಯಿಂದ ಹೊರಟು ಬಾಗಿಲಿನವರೆಗೆ ಬೀಸಿಕೊಂಡು ಹೋಗುತ್ತಿತ್ತು. ದಾರಿಯಲ್ಲಿ ಯಾವನದಾದರೂ ಟೊಪ್ಪಿಗೆ ಸಿಕ್ಕರೆ ಅದೂ ಹೊಳೆಯ ಪಾಲು.

ಎಪ್ಪತ್ತರ ದಶಕದ ಆರಂಭದ ಮಾತು. ಸವದತ್ತಿ ಕಡೆಯ ನಮ್ಮೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಎಂದರೆ ಎಲ್ಲರಿಗೂ ಜ್ವರ. ಅದರಲ್ಲೂ ಸ್ಥಳಗಳ ಹೆಸರಿಗೆ ಮೊದಲು ಎಲ್ಲಿ ‘ದಿ’ (the) ಹಚ್ಚಬೇಕು, ಎಲ್ಲಿ ಹಚ್ಚಬಾರದು ಎಂಬುದು ತಲೆಗೇ ಹೋಗುತ್ತಿರಲಿಲ್ಲ. ವ್ಯಾಕರಣದ ಪುಸ್ತಕದಲ್ಲಿ ಪುಟಗಟ್ಟಲೆ ನಿಯಮಗಳಿದ್ದವು. ಮಾಸ್ತರರು ಆ ಪುಸ್ತಕವನ್ನು ಮುಚ್ಚಿಸಿದರು.

“ಊರು ಕುಂತಲ್ಲೇ ಕುಂತಿರತೈತಿ. ಅದಕ್ಕ ಮುಷ್ಟಿ. ಮುಷ್ಟಿಗೆ ‘ದಿ’ ಇಲ್ಲ. ಹೊಳಿ ಹರೀತೈತಿ, ಸಮುದ್ರ ಹಬ್ಬಿರತೈತಿ, ಗುಡ್ಡದ ಸಾಲು ಉದ್ದಕ ಹೋಗಿರತೈತಿ. ಅವಕ್ಕ ಕೈ ಬೀಸ್ರಿ. ಬೀಸಿದಲ್ಲೆ ‘ದಿ’ ಹಚ್ಚರಿ.”

“ಒಂದ ಗುಡ್ಡ ಇದ್ರ, ಸರ?”

“ಯಲ್ಲಮ್ಮನ ಗುಡ್ಡ ಎಲ್ಲಿಗರ ಹೋಗೇತೇನು? ಮುಷ್ಟಿ!”

ಹಾಲೆಂಡಿನ ಯಾವುದೋ ಒಂದು ಪಟ್ಟಣಕ್ಕೆ ಮಾತ್ರ ಊರಾಗಿದ್ದರೂ ‘ದಿ’ ಬರುತ್ತದೆಂದು ಒಬ್ಬಳು ಪುಸ್ತಕ ತೋರಿಸಿದಳು. ಮಾಸ್ತರರು ಕನ್ನಡಕ ಏರಿಸಿ ನೋಡಿ, “ಆ ಊರಿಗೆ ನಮ್ಮ ಬಸ್ಸು ಹೋಗಂಗಿಲ್ಲ, ಬಿಡವಾ” ಎಂದು ಮುಂದೆ ಹೋದರು.

ಒಮ್ಮೆ ನಮ್ಮನ್ನೆಲ್ಲ ನವಿಲುತೀರ್ಥದ ಅಣೆಕಟ್ಟು ನೋಡಲು ಕರೆದುಕೊಂಡು ಹೋಗಿದ್ದರು. ಬುತ್ತಿ ಬಿಚ್ಚುವ ಮೊದಲು ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಹೆಸರು ಹೇಳುತ್ತ ಹೋದರು. ಮಲಪ್ರಭೆಯ ಸರದಿ ಬಂದಾಗ ನಾನು ಕೈ ಎತ್ತಿದವಳು ಹಾಗೇ ನಿಂತೆ. ಕೆಳಗೆ ನೀರು ಅಲುಗಾಡದೆ ಬಿದ್ದಿತ್ತು.

“ಸರ, ಹೊಳಿ ನಿಂತ ಬಿಟ್ಟೈತಲ್ರಿ. ಈಗ ಮುಷ್ಟಿ ಏನ್ರಿ?”

ಎಲ್ಲರೂ ನಕ್ಕರು. ಮಾಸ್ತರರು ನಗಲಿಲ್ಲ. ಟೊಪ್ಪಿಗೆ ತೆಗೆದು ನೀರನ್ನೇ ನೋಡುತ್ತ ನಿಂತರು. ಆಮೇಲೆ ನನ್ನನ್ನು ಕಾಲುವೆಯ ಕಡೆ ತಿರುಗಿಸಿ, “ಅಲ್ಲೆ ನೋಡು, ಸಂದಿ ಹಿಡಿದು ಹೊಂಟೈತಿ. ಬೀಸು” ಎಂದರು. ನಾನು ಬೀಸಿದೆ. ಕಲಿಯುವುದು ಇಷ್ಟು ಸುಖದ ಕೆಲಸ ಎಂದು ನನಗೆ ಮೊದಲು ಅನ್ನಿಸಿದ್ದು ಆವತ್ತೇ.

ಎಸ್ಸೆಸ್ಸೆಲ್ಸಿ ಪರೀಕ್ಷೆ ರಾಮದುರ್ಗದಲ್ಲಿ. ನಪಾಸಾದರೆ ಶಾಲೆ ಸಾಕು ಎಂದು ಅಪ್ಪ ಮೊದಲೇ ಹೇಳಿದ್ದ. ಮಾಸ್ತರರು ನಮ್ಮ ಜೊತೆಗೇ ಬಸ್ಸಿನಲ್ಲಿ ಬಂದು, ಹೊರಗೆ ಬೇವಿನ ಮರದ ಕೆಳಗೆ ನಮ್ಮ ಬುತ್ತಿಗಂಟುಗಳನ್ನು ಕಾಯುತ್ತ ಕೂತಿದ್ದರು. ಒಳಗೆ ‘ದಿ’ ತುಂಬುವ ಪ್ರಶ್ನೆ ಬಂದೇ ಬಂತು. ನಾನು ಓದಿದೆ, ಬೆಂಚಿಗೆ ಮುಷ್ಟಿ ಊರಿದೆ, ಬರೆದೆ. ಮುಂದಿನದಕ್ಕೆ ಕೈ ಬೀಸಿದೆ. ನನ್ನ ಹಿಂದೆಮುಂದೆ ಕೂತಿದ್ದ ನಮ್ಮ ಶಾಲೆಯವರೂ ಅದನ್ನೇ ಮಾಡುತ್ತಿದ್ದರು. ತಪಾಸಣೆಗೆ ಬಂದಿದ್ದ ಸಾಹೇಬರು ಬಾಗಿಲಲ್ಲಿ ನಿಂತು ನೋಡುತ್ತಿದ್ದುದು ನಮಗೆ ಗೊತ್ತಾಗಲಿಲ್ಲ. ನೇರ ಬಂದು ನನ್ನ ಪೇಪರು ಕಸಿದುಕೊಂಡರು.

“ಯಾರಿಗೆ ಕೈಸನ್ನಿ ಮಾಡಿ ಉತ್ತರ ಹೇಳಾಕತ್ತಿ?”

“ಯಾರಿಗೂ ಇಲ್ರಿ. ಹೊಳಿ ಬೀಸಾಕತ್ತಿದ್ದೆ” ಎಂದೆ. ಅವರ ಸಿಟ್ಟು ಇನ್ನೂ ಏರಿತು. ನಾನು ಅಳತೊಡಗಿದೆ. ಒಬ್ಬ ಹುಡುಗ ಧೈರ್ಯ ಮಾಡಿ, ನಮ್ಮ ಸರ ಹೊರಗೇ ಇದ್ದಾರೆ, ಕೇಳಿ ಎಂದ.

ಮಾಸ್ತರರು ಬಂದರು. ವಿಷಯ ಕೇಳಿ ಅಂಗಲಾಚಲೂ ಇಲ್ಲ, ವಾದಕ್ಕೂ ಇಳಿಯಲಿಲ್ಲ. “ಸಾಹೇಬ್ರ, ನಾ ಗೋಡಿ ಕಡೆ ಮಾರಿ ಮಾಡಿ ನಿಂದರತೇನಿ. ಪೇಪರಿನ್ಯಾಗ ಇಲ್ಲದ ಹೆಸರು ನೀವ ಹೇಳ್ರಿ. ಹುಡುಗರ ಕೈ ನೋಡ್ರಿ” ಎಂದು ನಿಜಕ್ಕೂ ಗೋಡೆಗೆ ಮುಖ ಮಾಡಿ ನಿಂತುಬಿಟ್ಟರು.

“ಧಾರವಾಡ” ಎಂದರು ಸಾಹೇಬರು. ಧಪ್! ನಮ್ಮ ಶಾಲೆಯವರ ಬೆಂಚುಗಳೆಲ್ಲ ಒಟ್ಟಿಗೆ ಸದ್ದು ಮಾಡಿದವು. “ಗಂಗಾ.” ಅಷ್ಟೂ ಕೈಗಳು ಬೀಸಿದವು. “ಹಿಮಾಲಯ.” ಎಲ್ಲರೂ ಬೀಸಿದರು, ಮೂಲೆಯಲ್ಲೊಂದು ಮುಷ್ಟಿ ಮಾತ್ರ ಧಪ್ಪೆಂದಿತು.

ಮಾಸ್ತರರು ತಿರುಗದೆಯೇ ಹೇಳಿದರು: “ಅಂವಾ ಬಸಲಿಂಗ್ರಿ. ಎಷ್ಟ ಹೇಳಿದ್ರೂ ಅವಗ ಹಿಮಾಲಯ ಒಂದ ಗುಡ್ಡ. ಕಾಪಿ ನಡದಿದ್ರ ಅವನೂ ಬೀಸತಿದ್ದಾ.”

ಸಾಹೇಬರು ಮೀಸೆಯೊಳಗೇ ನಕ್ಕು ಪೇಪರು ಕೊಟ್ಟರು. ನಾನು ಪಾಸಾದೆ. ಬಸಲಿಂಗನೂ ಪಾಸಾದ.

ಆದರೆ ಮಾತು ಅಲ್ಲಿಗೆ ನಿಲ್ಲಲಿಲ್ಲ. ಪರೀಕ್ಷೆಯಲ್ಲಿ ಗದ್ದಲವಾಯಿತಂತೆ ಎಂಬ ಸುದ್ದಿ ಬಣ್ಣ ಹಚ್ಚಿಕೊಂಡು ನಮ್ಮೂರು ಮುಟ್ಟಿತು. ಹೆಡ್ ಮಾಸ್ತರರು ಹೆದರುವ ಪೈಕಿ. ಇನ್ನು ತರಗತಿಯಲ್ಲಿ ಕೈಸನ್ನೆ ಬಂದ್ ಎಂದು ಅಪ್ಪಣೆ ಮಾಡಿದರು. ಅದೇ ಶಾಲೆಯಲ್ಲಿ ಓದುತ್ತಿದ್ದ ನನ್ನ ತಂಗಿ ಒಂದು ಸಂಜೆ, “ಅಕ್ಕಾ, ಮಾಸ್ತರ ಈಗ ಕೈ ಹಿಂದ ಕಟಗೊಂಡ ಕಲಸ್ತಾರ. ಮೊದಲನೇ ಬೆಂಚಿನ್ಯಾಗ ಎಲ್ಲಾರೂ ಕೂಡತಾರ” ಎಂದಳು. ನನಗೆ ಅಂದು ಊಟ ಸೇರಲಿಲ್ಲ. ಅವರು ನಿವೃತ್ತರಾಗುವವರೆಗೂ ಹಾಗೇ ಕಲಿಸಿದರಂತೆ. ಬಜಾರದಲ್ಲಿ ಸಿಕ್ಕರೂ ಕೈಗಳು ಬೆನ್ನ ಹಿಂದೆಯೇ ಇರುತ್ತಿದ್ದವು.

ನಾನು ಧಾರವಾಡದಲ್ಲಿ ಓದು ಮುಗಿಸಿ, ಆ ದಶಕದ ಕೊನೆಗೆ ಕಿತ್ತೂರಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸಕ್ಕೆ ಸೇರಿದೆ. ಒಂದು ದಿನ ಹೇಳದೆ ಕೇಳದೆ ಮಾಸ್ತರರು ಬಂದರು. ಅದೇ ಧೋತರ, ಅದೇ ಕರಿ ಕೋಟು, ಒಳಗಿನ ಮೈ ಮಾತ್ರ ಇಳಿದಿತ್ತು. “ಬೈಲಹೊಂಗಲಕ ಬಂದಿದ್ದೆ. ಹಂಗಽ ನಿನ್ನ ಕ್ಲಾಸು ನೋಡಿ ಹೋಗೂಣು ಅಂತ” ಎಂದರು. ಮತ್ತೆ ಅವರನ್ನು ನೋಡುವ ಯೋಗ ನನಗೆ ಬರಲಿಲ್ಲ. ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಊರಿನಿಂದ ಬಂತು.

ಆವತ್ತು ಅವರು ಕೊನೆಯ ಬೆಂಚಿನಲ್ಲಿ, ಒಬ್ಬ ಚೋಟುದ್ದದ ಹುಡುಗನ ಪಕ್ಕ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ನಾನು ಪಾಠ ಶುರು ಮಾಡಿದೆ.

“ಸವದತ್ತಿ” ಎಂದೆ. ಮಕ್ಕಳ ಮುಷ್ಟಿಗಳು ಧಪ್ಪೆಂದವು. ಮಾಸ್ತರರು ಬೆಚ್ಚಿ ತಲೆ ಎತ್ತಿದರು.

“ಮಲಪ್ರಭಾ” ಎಂದೆ. ಇಡೀ ತರಗತಿ ಬೀಸಿತು. ಎಲ್ಲರ ಹಿಂದೆ, ಎಲ್ಲರಿಗಿಂತ ಅಗಲವಾಗಿ, ಕರಿ ಕೋಟಿನ ಕೈಯೊಂದು ಗೋಡೆಯಿಂದ ಹೊರಟಿತು. ಪಕ್ಕದ ಹುಡುಗನ ಟೊಪ್ಪಿಗೆ ಹಾರಿ ಬಿತ್ತು.

ಹುಡುಗ ಟೊಪ್ಪಿಗೆ ಹೆಕ್ಕಿಕೊಂಡು, “ಅಜ್ಜಾರ, ಸ್ವಲ್ಪ ಸರೀರಿ. ನನಗ ಹೊಳಿ ಬೀಸಾಕ ಜಾಗಾ ಇಲ್ಲ” ಎಂದ.

ಮಾಸ್ತರರು ಕಣ್ಣೊರೆಸಿಕೊಂಡು ಸರಿದು ಕೂತರು.