ಹಳೆಯ ಕೋಲು, ಅಂಜಿಕೆಯ ಹೊಳೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಯಬಾಗ ತಾಲೂಕಿನ ದಿಗ್ಗೇವಾಡಿಯ ಹೊಳೆದಂಡೆಯಲ್ಲಿ ಸೋನಾಬಾಯಿ ಮೀನು ಹಿಡಿಯುವ ಕಂದುಬಣ್ಣದ ಕೋಲು ಹಿಡಿದು ನಿಂತಿದ್ದಾರೆ. ನೀರಿಗಿಳಿಯುವ ಮುನ್ನ ಒಂದು ಕಲ್ಲು ಎಸೆಯುತ್ತಾರೆ. ಕಾಯುತ್ತಾರೆ. ಇನ್ನೊಂದು ಎಸೆಯುತ್ತಾರೆ. ಕೃಷ್ಣೆಯ ಮೇಲೆ ಮಂಜು ಕವಿದಿದೆ. ತೇಲಿ ಬರುವ ಕಬ್ಬಿನ ಒಣ ಸೋಗೆಯ ರವದಿಯೂ ಅವರ ಕಣ್ಣಿಗೆ ಮೊಸಳೆಯ ಬೆನ್ನಿನಂತೆ ಕಾಣುತ್ತದೆ.

"ದಿನಾ ಬರ್ತೀನ್ರಿ, ದಿನಾ ಅಂಜತೀನಿ," ಎನ್ನುತ್ತಾರೆ, ನೀರಿನಿಂದ ಕಣ್ಣು ಕೀಳದೆ.

ಹಳೆಯ ಫೈಬರ್ ಗ್ಲಾಸ್ ಕೋಲುಗಳನ್ನು ದುರಸ್ತಿ ಮಾಡುವುದು ಅವರ ಕಸುಬು. ಅಟ್ಟದಲ್ಲಿ ಧೂಳು ತಿಂದು, ದಾರ ಹಾಯುವ ಉಂಗುರ ಕಿತ್ತುಹೋದ ಕೋಲುಗಳು ನಿಪ್ಪಾಣಿ, ಕೊಲ್ಹಾಪುರ, ಪುಣೆಯ ಹವ್ಯಾಸಿಗಳಿಂದ ಅವರ ಮನೆಗೆ ಬರುತ್ತವೆ. ಇವು ಸೀಸದ ಗುಂಡು ಕಟ್ಟಿ ಎಸೆಯುವ ಕೋಲುಗಳಲ್ಲ. ಹಕ್ಕಿಯ ಗರಿ ಸುತ್ತಿದ ಪುಟ್ಟ ಗಾಳವನ್ನು ದಪ್ಪ ದಾರದ ಭಾರದಿಂದಲೇ ನೀರಿನ ಮೇಲೆ ನೊಣ ಕೂತಂತೆ ಇಳಿಸುವಂಥವು. ಈಗಿನ ಕಾರ್ಬನ್ ಕೋಲು ಹಗುರ, ಬಿರುಸು. ಪೆಟ್ಟು ಬಿದ್ದರೆ ಪಟ್ಟನೆ ಮುರಿಯುತ್ತದೆ. ಹಳೆಯದು ತುದಿಯಿಂದ ಹಿಡಿಕೆಯವರೆಗೂ ನಿಧಾನವಾಗಿ ಬಾಗುತ್ತದೆ. ಆ ಬಾಗಿಗೆ ಮನಸೋತವರು ಹೊಸದನ್ನು ಮುಟ್ಟುವುದಿಲ್ಲ.

"ಕಾರ್ಬನ್ ಕೋಲಿನ್ಯಾಗ ಮೀನ ಎಲ್ಲೋ ದೂರ ಇದ್ದಂಗ ಇರ್ತೈತ್ರಿ. ಇದರಾಗ ಬೆರಳುದ್ದದ ಮೀನ ಒದ್ದಾಡಿದ್ರೂ ಮುಂಗೈಗೆ ಗೊತ್ತಾಗ್ತೈತಿ."

ಮೊದಲು ಅವರು ಬಲೆ ಹೆಣೆಯುತ್ತಿದ್ದರು. ಗಂಡ ನಾಮದೇವ ಮಿರಜಿನ ಗುಜರಿ ಅಂಗಡಿಯಿಂದ ಇಂಥದೊಂದು ಕೋಲು ತಂದಾಗ, ಅದರ ಉಂಗುರಗಳನ್ನು ರೇಷ್ಮೆ ದಾರದಿಂದ ಸುತ್ತಿ ಕೂರಿಸಿದವರು ಸೋನಾಬಾಯಿಯೇ. ದಾರದ ಸುತ್ತುಗಳು ಒಂದಕ್ಕೊಂದು ಅಂಟಿರಬೇಕು, ಮೇಲೆ ವಾರ್ನಿಶ್ ಹಚ್ಚಿ ನೆರಳಲ್ಲಿ ಒಣಗಿಸಬೇಕು. ಒಂದು ಕೋಲಿಗೆ ವಾರ ಹಿಡಿಯುತ್ತದೆ. ಆದರೆ ಸುತ್ತು ಗಟ್ಟಿಯಾಗಿದೆಯೇ ಎಂಬುದು ಮೀನು ಎಳೆದಾಗಲೇ ತಿಳಿಯುವುದು. ಅದಕ್ಕಾಗಿ ಹೊಳೆಗೆ ಬರಲೇಬೇಕು.

ಹೋದ ಬೇಸಿಗೆಯವರೆಗೆ ಆ ಪರೀಕ್ಷೆ ನಾಮದೇವರದಾಗಿತ್ತು. ಆ ಬೇಸಿಗೆಯ ಒಂದು ದಿನ ಅವರು ಮೊಣಕಾಲುದ್ದ ನೀರಿನಲ್ಲಿದ್ದರು. ಕೈಯಲ್ಲಿದ್ದುದು ನಿಪ್ಪಾಣಿಯ ಸಂಜಯ ಎಂಬವರ ತೀರಿಹೋದ ತಂದೆಯ ಕೋಲು. ಮೀನು ಕಚ್ಚಿತು, ಕೋಲು ಚೆಂದಾಗಿ ಬಾಗಿತು. ಸ್ವಲ್ಪ ಹೊತ್ತಿಗೆ ಒದ್ದಾಟ ನಿಂತು ಭಾರವಷ್ಟೇ ಉಳಿಯಿತು. ಕೋಲು ಬುಡದವರೆಗೆ ಬಾಗಿದರೂ ಮುರಿಯಲಿಲ್ಲ. ದಂಡೆಯಲ್ಲಿದ್ದ ಸೋನಾಬಾಯಿಗೆ ನೀರಿನ ಮೇಲೆ ಎರಡು ಕಣ್ಣು ಎದ್ದು ಕಂಡವು.

"ಕೋಲ ಬಿಡ್ರೀ ಅಂತ ಚೀರಿದೆ. 'ದೊಡ್ಡ ಮೀನೈತಿ, ಸುಮ್ನಿರು' ಅಂದ್ರು. ಮೀನ ನುಂಗಿದ ಮೊಸಳಿ ಅವ್ರಿಗೆ ಕಂಡಿರ್ಲೇ ಇಲ್ರಿ. ಅವ್ರ ಕಾಲ ಜಾರಿ ನೀರ ನಡುಮಟ ಬಂದಿತ್ತು."

ಸೋನಾಬಾಯಿ ನೀರಿಗೆ ನುಗ್ಗಿದರು. ರೇಷ್ಮೆ ದಾರ ಕತ್ತರಿಸಲು ಸೊಂಟದಲ್ಲಿ ಸಿಕ್ಕಿಸಿಕೊಳ್ಳುವ ಬ್ಲೇಡಿನಿಂದ ಕೋಲಿನ ದಾರ ಕೊಯ್ದರು. ಕೋಲು ಸಟ್ಟನೆ ನೆಟ್ಟಗಾಯಿತು. ಇಬ್ಬರೂ ಹಿಂದಕ್ಕೆ ಬಿದ್ದರು. ಎದುರಿನ ನೀರು ಒಮ್ಮೆ ಉಬ್ಬಿ ಇಳಿಯಿತು. ದಂಡೆಗೆ ಹೇಗೆ ತೆವಳಿದೆವೆಂಬುದು ಅವರಿಗೆ ಇಂದಿಗೂ ನೆನಪಿಲ್ಲ.

ಅಂದಿನಿಂದ ನಾಮದೇವ ತೋಟದ ಕಾಲುವೆಯನ್ನೂ ದಾಟುವುದಿಲ್ಲ. ಮನೆಯಲ್ಲಿ ಕೂತು ಕೋಲು ತಿಕ್ಕುತ್ತಾರೆ. ಸುದ್ದಿ ಕೇಳಿ ಓಡಿಬಂದ ಸಂಜಯ, "ಕೋಲ ಮುರದ್ರ ಮುರೀಲಿರಿ ಕಾಕೂ. ಇನ್ ಮ್ಯಾಲ ಹೊಳಿಗೆ ಇಳೀಬ್ಯಾಡ್ರಿ," ಎಂದು ಕೈಮುಗಿದರಂತೆ. ಸೋನಾಬಾಯಿ ಒಪ್ಪಲಿಲ್ಲ.

"ಮೀನ ಹಿಡದ ನೋಡ್ಲಾರದ ಕೊಟ್ಟು, ಅವ್ರ ಕೈಯಾಗ ಸುತ್ತು ಬಿಚ್ಚಿದ್ರ ಏನ್ ಹೇಳ್ಲಿರಿ?"

ಈಗ ಅವರು ಪಾದ ಮುಳುಗುವಷ್ಟೇ ಇಳಿಯುತ್ತಾರೆ. ದಾರ ಹಿಂದಕ್ಕೆ ಹಾರಿ, ಮುಂದಕ್ಕೆ ಬಿಚ್ಚಿಕೊಂಡು, ಗರಿ ನೀರಿನ ಮೇಲೆ ಕೂರುತ್ತದೆ. ಮೀನು ಕಚ್ಚಿದೊಡನೆ ಅವರು ಹಿಂದಕ್ಕೆ ಸರಿಯುತ್ತಾರೆ. ದಾರದಲ್ಲಿ ಒದ್ದಾಟ ಇರುವವರೆಗೆ ಧೈರ್ಯ, ಒಂದು ಕ್ಷಣ ಅದು ನಿಂತರೂ ಕೈ ಸೊಂಟದ ಬ್ಲೇಡಿಗೆ ಹೋಗುತ್ತದೆ. ಕೊನೆಗೆ ಅಂಗೈ ಅಗಲದ ಮೀನು ದಂಡೆಗೆ ಬರುತ್ತದೆ. ಗಾಳ ಬಿಡಿಸಿ ಅದನ್ನು ದೂರದಿಂದಲೇ ನೀರಿಗೆ ಎಸೆದು, ಸುತ್ತುಗಳನ್ನು ಒಂದೊಂದಾಗಿ ಬೆರಳಿನಿಂದ ಸವರುತ್ತಾರೆ. ಎಲ್ಲವೂ ಗಟ್ಟಿ.

ನಿಮಗೇನು ಬೇಕು ಎಂದು ಕೇಳಿದರೆ, ಊರ ಹೆಂಗಸರು ಬಟ್ಟೆ ಒಗೆಯುವ ಕಲ್ಲಿನತ್ತ ಸೋನಾಬಾಯಿ ಕೈ ತೋರಿಸುತ್ತಾರೆ.

"ಅಲ್ಲಿ ನೀರಾಗ ಸರಕಾರದವ್ರು ಮೊಸಳಿ ಬರಲಾರದಂಗ ಒಂದ ಕಬ್ಬಿಣದ ಜಾಳಗಿ ಹಾಕ್ಲಿರಿ. ಅದರೊಳಗ ನಮ್ಮ ಮನಿಯವ್ರು ಇನ್ನೊಮ್ಮೆ ನಿಂತು ಕೋಲ ಬೀಸೂದ ನೋಡಬೇಕು. ನನಕಿಂತ ಅವ್ರ ಕೈ ಚಲೋ ಐತ್ರಿ."