ಅಕ್ಕಾರು ಬಡಿದ ರೊಟ್ಟಿ

ದಾಂಡೇಲಿಯ ಬಂಗೂರನಗರದ ನಮ್ಮ ಮನೆಯ ಹಿಂದೆ ಈಗೊಂದು ರೊಟ್ಟಿ ಕೇಂದ್ರ ಶುರುವಾಗಿದೆ. ಬೆಳಿಗ್ಗೆ ಹಿತ್ತಲ ಕಿಟಕಿ ತೆರೆದರೆ ಸಾಕು, ಕಾದ ಹಂಚಿನ ಮೇಲಿನ ಜೋಳದ ರೊಟ್ಟಿಗೆ ಒದ್ದೆ ಬಟ್ಟೆ ಸವರಿದಾಗ ಏಳುವ ಹಬೆಯ ವಾಸನೆ ಒಳಗೆ ಬರುತ್ತದೆ. ಹಸಿ ಹಿಟ್ಟು, ಬಿಸಿ ಅರಿವೆ, ಒಂದಿಷ್ಟು ಹೊಗೆ... ಮೊನ್ನೆ ಆ ವಾಸನೆಗೆ ಕಿಟಕಿಯ ಹತ್ತಿರವೇ ನಿಂತುಬಿಟ್ಟೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ನನಗೆ ಅಕ್ಕಾರು ನೆನಪಾಗಿದ್ದರು.

ಅವರಿಗೊಂದು ಚೆಂದದ ಹೆಸರಿತ್ತು. ನನ್ನ ತವರೂರು ತೇರಗಾಂವದ ನಮ್ಮ ಓಣಿಯಲ್ಲಿ ಯಾರೂ ಅದನ್ನು ಬಳಸಲಿಲ್ಲ. ಶಾಲೆ ಕಲಿಸುವ ಹೆಂಗಸರಿಗೆ ಅನ್ನುವಂತೆ ಅಕ್ಕಾರು ಅಂದರು, ಅದೇ ಉಳಿಯಿತು. ಆದರೆ ಅವರು ಶಾಲೆ ಕಲಿಸುವವರಲ್ಲ, ಸಮಾಜ ಕಾರ್ಯಕರ್ತೆ. ಧಾರವಾಡದ ಮಾನಸಿಕ ಆಸ್ಪತ್ರೆಯಿಂದ ಮನೆಗೆ ಮರಳಿದವರು ಹೇಗಿದ್ದಾರೆ ಎಂದು ಹಳ್ಳಿಹಳ್ಳಿಗೆ ಹೋಗಿ ನೋಡಿ ಬರುವುದು ಅವರ ಕೆಲಸ. ಅದು ಎಪ್ಪತ್ತರ ದಶಕದ ಕೊನೆ. ಅಂಥದೊಂದು ಕೆಲಸವಿದೆ, ಅದಕ್ಕೆ ಪಗಾರವೂ ಬರುತ್ತದೆ ಎಂದರೆ ನಮ್ಮೂರಲ್ಲಿ ಯಾರೂ ನಂಬುತ್ತಿರಲಿಲ್ಲ. ಹೆಗಲಿಗೊಂದು ಜೋಳಿಗೆ, ಕೈಯಲ್ಲಿ ಬಣ್ಣ ಮಾಸಿದ ಕೊಡೆ, ಮೈಸೂರು ಕಡೆಯ ಮಾತು. ಕೆಂಪು ಬಸ್ಸಿನಿಂದ ಇಳಿದು ಅವರು ನೆಟ್ಟಗೆ ನಮ್ಮ ಮನೆಗೇ ಬರುತ್ತಿದ್ದರು.

ಬರುತ್ತಿದ್ದದ್ದು ಅತ್ತೆಗಾಗಿ. ಅತ್ತೆ ಎಂದರೆ ಅಪ್ಪನ ತಂಗಿ. ಮುಂಡಗೋಡದ ಕಡೆ ಇಂದೂರಿಗೆ ಕೊಟ್ಟಿದ್ದರು. ಚೊಚ್ಚಲ ಕೂಸು ಹುಟ್ಟಿ ತೀರಿಕೊಂಡ ಮೇಲೆ ಅವಳಿಗೆ ನಿದ್ದೆ ಹೋಯಿತು. ಆಮೇಲೆ ಮಾತು ಹೋಯಿತು, ಆಮೇಲೆ ಬೇಡದ ಮಾತೆಲ್ಲ ಬಂತು. ಗಂಡನ ಮನೆಯವರು ಒಂದು ದಿನ ಚಕ್ಕಡಿಯಲ್ಲಿ ತಂದು ಬಿಟ್ಟು, ನೀರು ಕೂಡ ಕುಡಿಯದೆ ಹೋದರು. ಆತ ಇನ್ನೊಂದು ಲಗ್ನ ಮಾಡಿಕೊಂಡ. ನಮ್ಮವರು ಗುಡಿಯ ಬೂದಿ ತಂದು ಅಂಗಾರ ಹಚ್ಚಿಸಿದರು, ತಾಯತ ಕಟ್ಟಿಸಿದರು, ಯಾರೋ ಹೇಳಿದರೆಂದು ಬೇವಿನ ಬರಲಿನಿಂದ ಹೊಡೆಸಿದರು ಕೂಡ. ಕೊನೆಗೆ ಅಪ್ಪ ಧಾರವಾಡಕ್ಕೆ ಕರೆದೊಯ್ದ. ಅಲ್ಲಿ ಬಹಳ ತಿಂಗಳಿದ್ದು, ಅವಳು ಗುಣವಾಗಿ ಬಂದಳು.

ಗುಣವಾಗಿ ಬಂದದ್ದು ಯಾರಿಗೆ ಬೇಕಿತ್ತು? ಹೋಗುವಾಗ ಅಯ್ಯೋ ಪಾಪ ಅಂದ ಓಣಿ ಬಂದ ಮೇಲೆ ಬಾಗಿಲು ಮುಚ್ಚಿಕೊಂಡಿತು. ಅವಳು ಬಾವಿಗೆ ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿದು ನಿಲ್ಲುತ್ತಿದ್ದರು. ಗುಳಿಗೆಗಳಿಂದ ಅವಳ ಕೈ ಸಣ್ಣಗೆ ನಡುಗುತ್ತಿತ್ತು; ಅದನ್ನೇ ತೋರಿಸಿ ಮಕ್ಕಳನ್ನು ಹೆದರಿಸುತ್ತಿದ್ದರು. ನಮ್ಮ ಮನೆಯ ಚಹಾ ಕುಡಿಯುವವರು ಅಕ್ಕಾರೊಬ್ಬರೇ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಅನ್ನುತ್ತಾರಲ್ಲ, ಹಾಗಾಗಿತ್ತು ಅತ್ತೆಯ ಪಾಡು. ಪೂರ್ತಿ ನೆಟ್ಟಗಾಗದೆ ಜನ ಹತ್ತಿರ ಬರರು, ಜನ ಹತ್ತಿರ ಬರದೆ ಅವಳು ಪೂರ್ತಿ ನೆಟ್ಟಗಾಗಳು.

ಹೀಗಿರುವಾಗ ಬದಿಮನೆಯ ಗೌಡ್ತಿಯ ಮಗಳ ಲಗ್ನ ಗೊತ್ತಾಯಿತು. ನಮ್ಮದು ಭತ್ತದ ಸೀಮೆ, ಆದರೂ ಲಗ್ನಕ್ಕೆ ಜೋಳದ ರೊಟ್ಟಿ ಬೇಕೇ ಬೇಕು. ಅಷ್ಟೊಂದು ರೊಟ್ಟಿಯನ್ನು ಒಂದೇ ಮನೆಯಲ್ಲಿ ಬಡಿಯುವುದು ಆಗದ ಮಾತು. ಅದಕ್ಕೆ ಲಗ್ನದ ಮನೆಯವರು ಓಣಿಯ ಮನೆಮನೆಗೆ ಹಿಟ್ಟು ಹಂಚುತ್ತಾರೆ. ಪ್ರತಿ ಮನೆಯವರೂ ಬಡಿದು, ಬಿಸಿಲಿಗೆ ಒಣಗಿಸಿ, ಬುಟ್ಟಿಯಲ್ಲಿ ಪೇರಿಸಿ, ಬಿಳಿ ಬಟ್ಟೆ ಮುಚ್ಚಿ ಹೊತ್ತೊಯ್ಯುತ್ತಾರೆ. ಹಿಟ್ಟು ಬಂದ ಮನೆ ಓಣಿಯ ಮನೆ. ಬಾರದಿದ್ದರೆ ಆ ಮನೆ ಓಣಿಯಲ್ಲಿದ್ದೂ ಇಲ್ಲ. ಅತ್ತೆ ಬಂದ ಮೇಲೆ ಓಣಿಯಲ್ಲಿ ಲಗ್ನಗಳೇನೋ ಆದವು, ನಮ್ಮ ಹೊಸ್ತಿಲಿಗೆ ಮಾತ್ರ ಹಿಟ್ಟು ಬರಲಿಲ್ಲ. ಹುಚ್ಚಿ ನಾದಿದ ರೊಟ್ಟಿಯನ್ನು ಬೀಗರಿಗೆ ಬಡಿಸುವುದು ಹೇಗೆ ಎಂದು ಆಡಿಕೊಂಡರಂತೆ.

ನಾನಾಗ ದಾಂಡೇಲಿಗೆ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಮನೆಯಲ್ಲಿ ಲಗ್ನದ ವಯಸ್ಸಿಗೆ ಬಂದ ಮಗಳೆಂದರೆ ನಾನೇ. ಇಬ್ಬರು ನನ್ನನ್ನು ನೋಡಲು ಬರುತ್ತೇವೆಂದು ಹೇಳಿ, ಅತ್ತೆಯ ಸುದ್ದಿ ಕೇಳಿ ಬಂದಿರಲಿಲ್ಲ. ನನಗದು ಸಂತೋಷವೇ ಆಗಿತ್ತು, ಅಪ್ಪನಿಗಲ್ಲ. ಆ ಸಲ ಅಕ್ಕಾರು ಬಂದಾಗ ಅವರೆದುರೇ ಹೇಳಿಬಿಟ್ಟ.

"ಊರ ಬಾಗಿಲಾ ಹಾಕಬಹುದ್ರಿ, ಊರ ಬಾಯಿ ಹಾಕಾಕ ಬರೂದಿಲ್ಲ. ಈ ಸಲಾನೂ ನಮ್ಮ ಮನಿಗೆ ಹಿಟ್ಟು ಬರಲಿಲ್ಲಂದ್ರ ತಂಗೀನ ಮತ್ತ ಧಾರವಾಡಕ್ಕ ತಂದು ಬಿಡ್ತೇನಿ. ಅಲ್ಲೇ ಇರ್ಲಿ."

"ಅವರಿಗೆ ಈಗ ಆಸ್ಪತ್ರೆ ಬೇಕಾಗಿಲ್ಲ. ಮನೆ ಬೇಕು," ಎಂದರು ಅಕ್ಕಾರು.

"ಮನಿ ಐತ್ರಿ," ಎಂದ ಅಪ್ಪ. "ಓಣಿ ಇಲ್ಲ."

ಉಪದೇಶ ಶುರುವಾಗುತ್ತದೆ ಎಂದು ನಾನು ಕಾಯುತ್ತಿದ್ದೆ, ಓದಿದವರ ಕೈಯಲ್ಲಿ ಅದೊಂದು ಸದಾ ಸಿದ್ಧ ಇರುತ್ತದೆ. ಅಕ್ಕಾರು ಎದ್ದು ಹಿತ್ತಲಿಗೆ ನಡೆದರು. ಬೇಸಿಗೆಯಾದ್ದರಿಂದ ಒಲೆ ಹಿತ್ತಲಿಗೆ ಬಂದಿತ್ತು. ಅತ್ತೆ ಅದರ ಮುಂದೆ ಸುಮ್ಮನೆ ಕುಳಿತಿದ್ದಳು. ಒಳಗೆ ಆಡಿದ್ದೆಲ್ಲ ಅವಳಿಗೆ ಕೇಳಿಸಿತ್ತು.

"ನಂಗೆ ರೊಟ್ಟಿ ಮಾಡೋದು ಹೇಳಿಕೊಡ್ತೀರಾ?" ಎಂದರು ಅಕ್ಕಾರು. "ಧಾರವಾಡಕ್ಕೆ ಬಂದಾಗಿನಿಂದ ಖಾನಾವಳಿ ಊಟಾನೇ ಗತಿಯಾಗಿದೆ."

ಅತ್ತೆ ಎದ್ದು ಕೈ ತೊಳೆದಳು. ಹಿಟ್ಟು ನಾದುವ ಮರದ ಕೊಣಮಿಗೆ ತಂದಿಟ್ಟು, ಎಸರಿಗೆ ನೀರಿಟ್ಟಳು. ಹಿಟ್ಟಿಗೆ ಕೈ ಹಚ್ಚಿದ್ದೇ ಅವಳ ನಡುಕ ಎಲ್ಲಿ ಅಡಗಿತೋ ಗೊತ್ತಾಗಲಿಲ್ಲ. ಉಂಡೆ ಅವಳ ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ಅಗಲವಾಯಿತು. ಆಮೇಲೆ ಅಕ್ಕಾರು ಕುಳಿತರು.

ಅಂಥ ರೊಟ್ಟಿಯನ್ನು ನಾನು ಮತ್ತೆ ಜನ್ಮದಲ್ಲಿ ನೋಡಲಿಲ್ಲ. ಮೊದಲನೆಯದು ಎತ್ತುವಾಗಲೇ ಹರಿದು ಅರ್ಧ ಒಲೆಯ ಬೂದಿಗೆ ಬಿತ್ತು. ಎರಡನೆಯದು ಕೊಣಮಿಗೆ ಬಿಟ್ಟು ಬರಲೊಲ್ಲದು. ಅಕ್ಕಾರ ಕನ್ನಡಕಕ್ಕೆ ಹಿಟ್ಟು, ಮೂಗಿಗೆ ಹಿಟ್ಟು, ಸೀರೆಯಂತೂ ಕೇಳುವುದೇ ಬೇಡ. ಬಡಿತವೋ ಯಾರದೋ ಬಾಗಿಲು ತಟ್ಟಿದ ಹಾಗೆ. ಆ ಸದ್ದಿಗೆ ಹಿತ್ತಲ ಗಿಡ್ಡ ಗೋಡೆಯ ಮೇಲೆ ಒಂದೊಂದೇ ತಲೆಗಳು ಮೂಡಿದವು. ನಡುವೆ ಗೌಡ್ತಿಯದೂ ಇತ್ತು.

"ಅಕ್ಕಾರ, ಅದಕ್ಕ ನಿಮ್ಮ ಕಡೆ ರೊಟ್ಟಿ ಅಂತಾರೇನ್ರಿ?"

"ನಮ್ಮ ಕಡೆ ಮುದ್ದೆ ಅಂತಾರೆ," ಎಂದರು ಅಕ್ಕಾರು, ಕೈ ನಿಲ್ಲಿಸದೆ.

ಗೋಡೆಯ ಆಚೆ ಎಲ್ಲರೂ ಗೊಳ್ಳೆಂದರು. ಆಮೇಲೆ ಈಚೆಯೂ ಒಂದು ನಗು ಕೇಳಿತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಅವಳ ನಗು ಹೇಗಿತ್ತೆಂದೇ ನನಗೆ ಮರೆತುಹೋಗಿತ್ತು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವ್ವ ಅಳಲು ಶುರುಮಾಡಿದಳು.

ಗೌಡ್ತಿಗೆ ತಡೆಯಲಾಗಲಿಲ್ಲ. ಹಿಟ್ಟು ಹಾಳಾಗುವುದನ್ನು ನೋಡಿ ಸುಮ್ಮನಿರುವ ಹೆಂಗಸು ನಮ್ಮ ಕಡೆ ಹುಟ್ಟಿಲ್ಲ. "ಸರೀರಿ ಅತ್ಲಾಗ, ನಾ ತೋರಸ್ತೇನಿ" ಎನ್ನುತ್ತ ಸುತ್ತಿ ಬಂದು, ಎಷ್ಟೋ ವರ್ಷದಿಂದ ದಾಟದ ನಮ್ಮ ಹೊಸ್ತಿಲು ದಾಟಿ, ಅತ್ತೆಯ ಪಕ್ಕದಲ್ಲೇ ಕುಳಿತು ಬಡಿಯತೊಡಗಿದಳು. ಅವಳ ಹಿಂದೆ ಉಳಿದವರೂ ಬಂದರು. ಅತ್ತೆ ಗೌಡ್ತಿಯ ರೊಟ್ಟಿಯನ್ನು ಒಂದು ಗಳಿಗೆ ನೋಡಿದಳು.

"ಅಂಚು ದಪ್ಪಾತು," ಎಂದಳು.

ಗೌಡ್ತಿಗೆ ಹಾಗೆನ್ನುವ ಎದೆಗಾರಿಕೆ ಊರಲ್ಲಿ ಅವಳ ಗಂಡನಿಗೂ ಇರಲಿಲ್ಲ. ಮುಗಿಯಿತು ಕಥೆ ಎಂದುಕೊಂಡೆ. ಗೌಡ್ತಿ ರೊಟ್ಟಿಯ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಖರೇ ಐತಿ ನೋಡು. ನಮ್ಮತ್ತೀನೂ ಇದಕ್ಕ ಬೈತಿದ್ಲು," ಎಂದು ಕೊಣಮಿಗೆಯನ್ನು ಅತ್ತೆಯ ಮುಂದೆ ಸರಿಸಿದಳು. "ನೀನ ಬಡಿಯವಾ."

ಅತ್ತೆ ಬಡಿದಳು. ಗೌಡ್ತಿ ಅದೇ ಬಿಸಿ ರೊಟ್ಟಿ ಮುರಿದು ಬೆಣ್ಣೆ ಹಚ್ಚಿಕೊಂಡು ಅಲ್ಲೇ ಕುಳಿತು ತಿಂದಳು. ಅಕ್ಕಾರು ತಮ್ಮ ಹರಿದ ರೊಟ್ಟಿಯನ್ನು ತಿನ್ನುತ್ತ ಯಾರ ಮುಖವನ್ನೂ ನೋಡದೆ ಒಲೆಯ ಕಡೆ ನೋಡುತ್ತಿದ್ದರು. ಸಂಜೆಯ ಬಸ್ಸಿಗೆ ಹೊರಟಾಗ ಜೋಳಿಗೆಯ ತುಂಬ ರೊಟ್ಟಿ.

ಹಿಟ್ಟು ಹಂಚುವ ದಿನ ಅಪ್ಪ ಪಡಸಾಲೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದ. ಗೌಡ್ತಿಯ ಸೊಸೆ ಬುಟ್ಟಿ ಹೊತ್ತು ಬಂದಳು. ಅವ್ವ ಓಡಿಹೋಗಿ ಕೈ ಚಾಚಿದರೆ ಕೊಡಲಿಲ್ಲ.

"ನಿಮ್ಮ ನಾದಿನಿ ಎಲ್ಲೆದಾರ್ರಿ? ಅವರ ಕೈಯಾಗನ ಕೊಟ್ಟು ಬಾ ಅಂದಾರ ನಮ್ಮತ್ತಿ."

ಅತ್ತೆ ಬಂದು ಎರಡೂ ಕೈಯಲ್ಲಿ ಬುಟ್ಟಿ ಇಸಿದುಕೊಂಡಳು. ಅಪ್ಪ ತಿರುಗಲಿಲ್ಲ. ಟವೆಲ್ಲಿನಿಂದ ಮೂಗು ಒರೆಸಿಕೊಂಡದ್ದಷ್ಟೇ ನನಗೆ ಕಂಡಿತು. ಧಾರವಾಡದ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಅಲ್ಲಿಗೆ ಎಲ್ಲ ಸುಖವಾಯಿತು ಎಂದರೆ ಸುಳ್ಳಾಗುತ್ತದೆ. ಆರಾಮಾಯಿತೆಂದು ಗುಳಿಗೆ ಬಿಟ್ಟು ಅತ್ತೆ ಮತ್ತೆ ಮಲಗಿದ ದಿನಗಳಿದ್ದವು. ಆಗೆಲ್ಲ ಅಕ್ಕಾರು ಬಂದರು, ಅವ್ವನಿಗೆ ಬೈದರು, ಮತ್ತೆ ಶುರು ಮಾಡಿಸಿದರು. ಆದರೆ ಆಗ ಅತ್ತೆಯ ಹತ್ತಿರ ರಾತ್ರಿ ಮಲಗಲು ಗೌಡ್ತಿ ಬರುತ್ತಿದ್ದಳು. ನಡುವೆ ನನ್ನ ಲಗ್ನವೂ ಆಯಿತು, ನಾನು ಬಂಗೂರನಗರಕ್ಕೆ ಬಂದೆ. ಅಕ್ಕಾರಿಗೆ ತಮ್ಮೂರಿನ ಕಡೆ ವರ್ಗವಾಯಿತು...

ಒಮ್ಮೆ ತವರಿಗೆ ಹೋದಾಗ ಅತ್ತೆಯನ್ನು ಕೇಳಿದ್ದೆ: ಅಕ್ಕಾರಿಗೆ ಅಂದು ನಿಜವಾಗಿಯೂ ರೊಟ್ಟಿ ಬರುತ್ತಿರಲಿಲ್ಲವೋ, ಬೇಕೆಂದೇ ಹರಿದರೋ?

"ಅದನ್ನ ತಗೊಂಡು ಏನ್ ಮಾಡ್ತಿ?" ಎಂದಳು ಅತ್ತೆ. "ಎಲ್ಲಾರೂ ನನಗ ಏನರ ಕೊಡಾಕ ಬರ್ತಿದ್ರು. ಗುಳಿಗಿ, ಅಂಗಾರ, ತಾಯತ. ನನ್ನ ಕಡೆ ಬೇಡಾಕ ಬಂದಾಕಿ ಆಕಿ ಒಬ್ಬಾಕಿನ."

ಅತ್ತೆ ತೀರಿಕೊಂಡಾಗ ನಮ್ಮ ಮನೆಯಲ್ಲಿ ಒಲೆ ಹೊತ್ತಿಸಲಿಲ್ಲ. ಓಣಿಯ ಪ್ರತಿ ಮನೆಯಿಂದ ರೊಟ್ಟಿ ಬಂತು. ಎಲ್ಲಕ್ಕಿಂತ ಮೊದಲು ಬಂದದ್ದು ಗೌಡ್ತಿಯ ಬುಟ್ಟಿ. ಮುಪ್ಪಿನಲ್ಲಿ ತಾನೇ ಬಡಿದು ತಂದಿದ್ದಳು. ಅಂಚು ತೆಳ್ಳಗಿತ್ತು.

ಅಕ್ಕಾರು ಈಗಿಲ್ಲವೆಂಬ ಸುದ್ದಿ ಬಹಳ ತಡವಾಗಿ, ಯಾರದೋ ಮಾತಿನ ನಡುವೆ ಬಂತು. ಅವರ ಮನೆಗೆ ರೊಟ್ಟಿ ಕೊಟ್ಟವರು ಯಾರೋ, ಅಲ್ಲಿ ಅಂಥ ಪದ್ಧತಿ ಇದೆಯೋ ಇಲ್ಲವೋ ನನಗೆ ತಿಳಿಯದು. ನನಗೆ ಬಹಳ ದುಃಖವಾಯಿತು, ಹೋಗಿ ಕೂರಲು ಮಾತ್ರ ನನಗೆ ಗೊತ್ತಿದ್ದ ಒಂದು ಮನೆ ಇರಲಿಲ್ಲ. ಮೊನ್ನೆ ಉಕ್ಕಿದ ಹಾಲು ಒರೆಸಿ, ತವರಿನಿಂದ ತಂದು ಅಟ್ಟದ ಮೇಲಿಟ್ಟಿದ್ದ ಅತ್ತೆಯ ಕೊಣಮಿಗೆ ಇಳಿಸಿ ತೊಳೆದು, ಎಸರಿಗಿಟ್ಟು ಹಿಟ್ಟು ನಾದಿದೆ. ರೂಢಿ ತಪ್ಪಿದ ಕೈ, ಎತ್ತುವಾಗ ರೊಟ್ಟಿ ಹರಿಯಿತು. ಹರಿದದ್ದನ್ನು ಅಕ್ಕಾರಿಗೆಂದು ತೆಗೆದಿಟ್ಟೆ.