ಮೂರನೆಯ ಸಂಪುಟ ಬರುವವರೆಗೆ

ಮೊಮ್ಮಗಳು ಸುಮ ಒಂದು ದಪ್ಪ ಪುಸ್ತಕ ತಂದಿದ್ದಾಳೆ. ಕಡಲ ತೀರದ ಹಳೆಯ ದೆವ್ವದ ಕಥೆಗಳನ್ನೆಲ್ಲ ಒಟ್ಟುಮಾಡಿದ ಸಂಕಲನವಂತೆ. ನನಗೆ ಕಣ್ಣಿನ ಆಪರೇಷನ್ ಆಗಿದೆ, ಡಾಕ್ಟರು ಪಟ್ಟಿ ಕಟ್ಟಿ ಕೂರಿಸಿದ್ದಾರೆ. ಆದ್ದರಿಂದ ಅವಳು ಓದುತ್ತಾಳೆ, ನಾನು ಕೇಳುತ್ತೇನೆ. ಹೊಸ ಪುಸ್ತಕದ ಅಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮದ್ದೂರಿನ ಹಳೆಯ ಪಡಸಾಲೆಯಲ್ಲಿದ್ದೆ. ನೀವೂ ಬನ್ನಿ. ತಲೆ ಬಗ್ಗಿಸಿ ಬನ್ನಿ, ಆ ಮನೆಯ ಬಾಗಿಲು ಯಾರ ಹಣೆಯನ್ನೂ ಒಂದು ಸಲ ವಿಚಾರಿಸಿಕೊಳ್ಳದೆ ಬಿಟ್ಟದ್ದಿಲ್ಲ.

ನಾನು ಮಳವಳ್ಳಿಯ ಹುಡುಗಿ. ಶಿವಪುರದಲ್ಲಿ ಚಳವಳಿಯವರು ಬಾವುಟ ಹಾರಿಸಿ ಗದ್ದಲವಾಯಿತಲ್ಲ, ಅದಕ್ಕೆ ಕೆಲವು ವರ್ಷ ಮೊದಲು ಆ ಮನೆಗೆ ಸೊಸೆಯಾಗಿ ಬಂದೆ. ನನ್ನ ಅಡುಗೆಯನ್ನು ಒಂದು ವಾರ ಉಂಡ ಮನೆಯವರು, ಲೋಯರ್ ಸೆಕೆಂಡರಿ ಪಾಸು ಮಾಡಿದ ಹುಡುಗಿಯನ್ನು ಒಲೆಯ ಮುಂದೆ ಕೂರಿಸಿ ಹಾಳುಮಾಡುವುದು ಬೇಡವೆಂದು ಬಹಳ ನಯವಾಗಿ ತೀರ್ಮಾನಿಸಿದರು. ಹೀಗೆ ಮಧ್ಯಾಹ್ನದ ಹೊತ್ತು ಹೆಂಗಸರಿಗೆ ಪುಸ್ತಕ ಓದಿಹೇಳುವ ಕೆಲಸ ನನ್ನ ಪಾಲಿಗೆ ಬಂತು. ನನ್ನ ಗಂಟಲು ದೊಡ್ಡದು. ಪೇಟೆಯ ಕೊನೆಯವರೆಗೂ ಕೇಳುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಿದ್ದರು. ಹೊಗಳಿಕೆಯ ದನಿಯಲ್ಲಂತೂ ಅಲ್ಲ.

ಕೇಳುವವರಲ್ಲಿ ಮುಖ್ಯರು ಪುಟ್ಟತ್ತೆ, ನಮ್ಮ ಮಾವನವರ ತಂಗಿ. ಅವರ ಗಂಡ ಅದೇ ಮನೆಯಲ್ಲಿ ಮನೆಯಳಿಯನಾಗಿದ್ದವರು. ಒಂದು ದಿನ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಸಿಟ್ಟುಮಾಡಿಕೊಂಡು, ಎಲೆ ಬಿಟ್ಟೆದ್ದು, ಕೈ ತೊಳೆದು, ಸೀದಾ ಹೋಗಿ ರೈಲು ಹತ್ತಿಬಿಟ್ಟರಂತೆ. ಸ್ವಲ್ಪ ದಿನಕ್ಕೆ ಹೊನ್ನಾವರದಿಂದ ಒಂದು ಕಾರ್ಡು ಬಂತು: ‘ಕ್ಷೇಮ. ಸಮುದ್ರ ನೋಡಿದೆ. ಇಲ್ಲಿಯೂ ಊಟ ಸರಿಯಿಲ್ಲ.’ ಆಮೇಲೆ ಸುದ್ದಿಯೇ ಇಲ್ಲ. ಉಪ್ಪು ಹೆಚ್ಚಾಯಿತೆಂದು ಮನೆ ಬಿಟ್ಟ ಮನುಷ್ಯ ಸಮುದ್ರಕ್ಕೇ ಹೋಗಬೇಕೇ ಎಂದು ಮಾವ ಗೊಣಗುತ್ತಿದ್ದರು.

ನಗುವ ಮಾತೇ. ಆದರೆ ಹನ್ನೆರಡು ವರ್ಷ ಸುದ್ದಿಯಿಲ್ಲದವನನ್ನು ಸತ್ತವನೆಂದು ಎಣಿಸಬೇಕು, ಮುತ್ತುಗದ ಎಲೆಯಲ್ಲಿ ಮನುಷ್ಯನ ಬೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕು ಎಂಬುದು ಪದ್ಧತಿ. ಬೊಂಬೆ ಸುಟ್ಟಮೇಲೆ ಪುಟ್ಟತ್ತೆಯ ಕುಂಕುಮ, ಬಳೆ, ತಲೆಗೂದಲು ಎಲ್ಲವೂ ಹೋಗಬೇಕು. ನಾನು ಬಂದ ವರ್ಷವೇ ಆ ಗಡುವು ತುಂಬುತ್ತಿತ್ತು. ಪುರೋಹಿತರಾದ ನರಸಿಂಹ ಜೋಯಿಸರು ಪಂಚಾಂಗ ಹಿಡಿದು ಬಂದು ಜಗಲಿಯಲ್ಲಿ ಕೂತರೆ, ಪುಟ್ಟತ್ತೆ ಹಿತ್ತಲಿಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರು.

ಗುತ್ತಲಿನ ಖಾದರ್ ಸಾಬರು ಬೆಲ್ಲದ ವ್ಯಾಪಾರಿ. ಕಾಲುವೆ ನೀರು ಬಂದು ಮಂಡ್ಯದ ಸುತ್ತ ಎಲ್ಲಿ ನೋಡಿದರೂ ಕಬ್ಬಾದಮೇಲೆ ಅವರ ಬೆಲ್ಲ ಮಂಗಳೂರಿನವರೆಗೂ ಹೋಗುತ್ತಿತ್ತು. ಹೋದಾಗಲೆಲ್ಲ ತಂಗಿಯ ಗಂಡನ ಸುದ್ದಿ ವಿಚಾರಿಸಿಕೊಂಡು ಬರುವಂತೆ ಮಾವ ಹೇಳಿಕಳಿಸುವರು. ಪ್ರತಿ ಸಲವೂ ಸಾಬರು ಇಲ್ಲವೆಂದು ತಲೆಯಾಡಿಸಿ ಹೋಗುವರು. ಒಂದು ಸಲ ಮಾತ್ರ ಪೇಪರಿನಲ್ಲಿ ಸುತ್ತಿದ ಪುಸ್ತಕವೊಂದನ್ನು ಜಗಲಿಯ ಮೇಲಿಟ್ಟರು.

“ಬರೀ ಕೈಲಿ ಬರಾಕೆ ಮನ್ಸಾಗ್ನಿಲ್ಲ ಸ್ವಾಮಿ. ಆ ಕಡೆ ಜನದ್ದೇ ಕತೆ ಅಂತ ಅಂಗಡಿಯೋನು ಅಂದ, ತಂದ್ಬುಟ್ಟೆ. ನಂಗೆ ಓದಾಕೆ ಬರಾಕಿಲ್ಲ, ನೀವೇ ನೋಡ್ಕಳಿ.”

ಆ ಕಡೆಯ ಜನದ ಕಥೆಯೇ, ಸುಳ್ಳಲ್ಲ. ಆದರೆ ಎಲ್ಲರೂ ಸತ್ತವರು. ಕಡಲ ತಡಿಯ ಪ್ರಸಿದ್ಧ ಪ್ರೇತಕಥೆಗಳ ಸಂಕಲನ, ಮೊದಲ ಸಂಪುಟ. ಮುಳುಗಿಹೋದ ಬೆಸ್ತರು, ದೀಪಸ್ತಂಭದ ಕಾವಲುಗಾರರು, ಇಂಗ್ಲಿಷಿನಿಂದ ಇಳಿಸಿಕೊಂಡ ಒಬ್ಬಿಬ್ಬರು ಟೋಪಿಯ ಕ್ಯಾಪ್ಟನ್ನರು.

ನಮ್ಮಲ್ಲಿ ಯಾರೂ ಸಮುದ್ರ ಕಂಡವರಲ್ಲ. ನಾನು ಮಳವಳ್ಳಿಯ ಕೆರೆಯ ಆಚೆ ದಡವನ್ನು ಮನಸ್ಸಿನಲ್ಲೇ ಅಳಿಸಿಹಾಕಿ ಸಮುದ್ರ ಮಾಡಿಕೊಂಡಿದ್ದೆ. ದೀಪಸ್ತಂಭವೆಂದರೆ ದೇವಸ್ಥಾನದ ಮುಂದಿನ ದೀಪದ ಕಂಬವೆಂದೇ ಎಲ್ಲರೂ ತಿಳಿದರು; ದಿನಾ ಅಷ್ಟೆತ್ತರ ಹತ್ತಿ ಎಣ್ಣೆ ಹಾಕುವವನು ಜಾರಿ ಸತ್ತದ್ದರಲ್ಲಿ ಆಶ್ಚರ್ಯವೇನು ಎಂದರು. ಹೆದರಬೇಕಾದ ಕಡೆ ಯಾರೂ ಹೆದರಲಿಲ್ಲ. ನಮ್ಮಲ್ಲಿ ಬೀಸುವ ಕುಟ್ಟುವ ಕೆಲಸಕ್ಕಿದ್ದ ಚಿಕ್ಕರಸಿನಕೆರೆಯ ಕೆಂಪಮ್ಮನಿಗಂತೂ ಸಿಟ್ಟೇ ಬಂತು.

“ಅಲ್ಲ ಕಣಮ್ಮ, ದೆವ್ವ ಬಂದು ಬಾಗ್ಲಲ್ಲಿ ನಿಂತದೆ. ಏನ್ ಬೇಕು ಅಂತ ಒಬ್ಬನಾದ್ರೂ ಕೇಳ್ಬ್ಯಾಡ್ವಾ? ನಮ್ಮಳ್ಳೀಲಾಗಿದ್ರೆ ಒಂದು ಕೋಳಿ ಕುಯ್ದು ಎಡೆ ಮಡಗಿ ಕಳ್ಸಿಬುಡೋರು. ಇವು ನೋಡು, ಸುಮ್ಕೆ ಕಿರುಚ್ಕಂಡು ಓಡ್ತವೆ.”

ಪುಟ್ಟತ್ತೆ ಮಾತ್ರ ಬತ್ತಿ ಹೊಸೆಯುತ್ತ ಪ್ರತಿ ದೆವ್ವಕ್ಕೂ ಎರಡೇ ಪ್ರಶ್ನೆ ಕೇಳುತ್ತಿದ್ದರು. “ಹೆಸರೇನು?” “ಯಾವ ಕಡೆಯೋನು?” ನಾನು ಹೇಳುತ್ತಿದ್ದೆ, ಅವರ ಬೆರಳು ಮತ್ತೆ ಆಡುತ್ತಿತ್ತು. ಕಥೆಯ ಮೇಲಿನ ಆಸಕ್ತಿ ಎಂದುಕೊಂಡಿದ್ದೆ. ಸಂಪುಟ ಮುಗಿದ ದಿನ ಅವರು ಎದ್ದುಹೋಗಿ ಮಾವನ ಮುಂದೆ ನಿಂತರು.

“ಪುಸ್ತಕ ಪೂರ್ತಿ ಆಯ್ತು ಅಣ್ಣಯ್ಯ. ಆ ಕಡೆ ಸತ್ತೋರೆಲ್ಲ ಬಂದುಹೋದರು. ಇವರಿಲ್ಲ.”

“ಅದು ಕಟ್ಟುಕಥೆ ಕಣೇ ಪುಟ್ಟೀ,” ಎಂದರು ಮಾವ.

“ಕಟ್ಟೋದಕ್ಕೂ ಯಾರಾದರೂ ಸತ್ತಿರಬೇಕಲ್ಲ.”

“ಅದರಲ್ಲಿರೋರು ಅರ್ಧ ಜನ ಇಂಗ್ಲೆಂಡಿನೋರು.”

“ನೀರು ಒಂದೇ ಅಲ್ವೇ? ಎಲ್ಲಿಗೆ ತೇಲಿಕೊಂಡು ಹೋಗಿದ್ದಾರೋ. ಎರಡನೆಯ ಸಂಪುಟ ಇದೆಯಂತೆ. ಅದನ್ನೂ ನೋಡಿಬಿಡೋಣ, ಆಮೇಲೆ ನಿಮ್ಮ ಬೊಂಬೆ.”

ಇಡೀ ಸ್ಕೂಲನ್ನು ಒಂದು ಕೆಮ್ಮಿನಲ್ಲಿ ಸುಮ್ಮನಾಗಿಸುತ್ತಿದ್ದ ಮೇಷ್ಟ್ರು ನಮ್ಮ ಮಾವ. ಆ ದಿನ ಅವರಿಗೆ ಕೆಮ್ಮೂ ಬರಲಿಲ್ಲ.

ಎರಡನೆಯ ಸಂಪುಟ ಬಂತು. ಜೋಯಿಸರಿಗೆ ಇದೆಲ್ಲ ಅನಾಚಾರವಾಗಿ ಕಂಡಿತು. ಮಡಿ ಬಟ್ಟೆಯಲ್ಲಿ ದೆವ್ವದ ಕಥೆ ಕೇಳಬಾರದೆಂದು ಜಗಲಿಯ ಆಚೆ ತುದಿಯಲ್ಲಿ ಬೆನ್ನು ತಿರುಗಿಸಿ ಕೂತರು. ಮರುದಿನ ಬೆನ್ನು ಹಾಗೇ ಇತ್ತು, ಕಿವಿ ಇತ್ತ ಬಂದಿತ್ತು. ಮೂರನೆಯ ದಿನ ಹಡಗು ಒಡೆಯುವ ಜಾಗದಲ್ಲಿ ನಾನು ನೀರು ಕುಡಿಯಲು ನಿಲ್ಲಿಸಿದರೆ, “ಆಮೇಲೆ?” ಎಂದು ಗದರಿದ್ದು ಜೋಯಿಸರೇ. ಅವರು ನಾಮಕರಣಕ್ಕೆ ಹೋಗಬೇಕಿದ್ದ ಪೇಟೆ ಬೀದಿಯ ಒಂದು ಮಗು ಆ ದಿನ ಹೆಸರಿಲ್ಲದೆ ಸಂಜೆಯವರೆಗೆ ಕಾದಿತ್ತು. ಆ ಸಂಪುಟದಲ್ಲೂ ಪುಟ್ಟತ್ತೆಯ ಗಂಡ ಇರಲಿಲ್ಲ.

ಗಡುವು ದಾಟಿತು. ಊರು ಸುಮ್ಮನಿರುತ್ತದೆಯೇ? ಸಂಕ್ರಾಂತಿಗೆ ಎಳ್ಳು ಬೀರಲು ನಾವಿಬ್ಬರೂ ಹೋದಾಗ ಒಂದು ಮನೆಯಲ್ಲಿ ಪುಟ್ಟತ್ತೆಗೆ ಕುಂಕುಮ ಕೊಡಲಿಲ್ಲ. ಬಟ್ಟಲು ಕಣ್ಣೆದುರೇ ಇತ್ತು. ಆ ಯಜಮಾನಿ ಅದನ್ನು ಸೆರಗಿನ ಮರೆಗೆ ಸರಿಸಿಕೊಂಡಳು. ಪುಟ್ಟತ್ತೆ ಮನೆಗೆ ಬಂದು, “ಮೂರನೆಯದು ಯಾವಾಗ ಬರುತ್ತಂತೆ?” ಎಂದರು. ಮರುದಿನ ಮಾವ ಯಾರಿಗೂ ಹೇಳದೆ ಎಲ್ಲಿಗೋ ಹೋಗಿಬಂದರು. ಅವರ ಪಂಚೆಗೆ ಬೆಲ್ಲದ ಅಂಟು ಹತ್ತಿತ್ತು.

ಮೂರನೆಯ ಸಂಪುಟವನ್ನು ಖಾದರ್ ಸಾಬರು ಸ್ವತಃ ತಂದುಕೊಟ್ಟು, ಜಗಲಿಯ ಮೆಟ್ಟಿಲ ಮೇಲೆ ತಾವೂ ಕೂತರು. ಅದೇ ಕಡೆಯದೆಂದು ಮುಖಪುಟದಲ್ಲೇ ಅಚ್ಚಾಗಿತ್ತು. ಪ್ರತಿ ಪುಟ ತಿರುವುವಾಗಲೂ ಮುಂದಿನ ನಾಲ್ಕು ಸಾಲಿನ ಮೇಲೆ ಕಣ್ಣಾಡಿಸದೆ ಒಂದಕ್ಷರ ಬಾಯಿ ಬಿಡುತ್ತಿರಲಿಲ್ಲ. ಕೊನೆಯ ಕಥೆಯ ದೆವ್ವ ಯಾವುದೋ ಬಂದರಿನ ಗುಮಾಸ್ತ. ಅವನು ಕರಗಿ ಮಂಜಾಗಿ ಹೋದ. ಎಲ್ಲರೂ ಜೋಯಿಸರನ್ನು ನೋಡಿದರು. ಅವರು ಒಂದು ಚಿಟಿಕೆ ನಶ್ಯ ಏರಿಸಿ, ಪಂಚಾಂಗವನ್ನು ವಸ್ತ್ರದಲ್ಲಿ ಸುತ್ತಿಕೊಂಡರು.

“ಮೂರು ಸಂಪುಟ ಹುಡುಕಿದರೂ ಪ್ರೇತ ಸಿಗಲಿಲ್ಲ ಅಂದಮೇಲೆ ನಾನು ಪಿಂಡ ಯಾರಿಗೆ ಇಡಲಿ ಮೇಷ್ಟ್ರೆ? ಆಯಮ್ಮ ಕುಂಕುಮ ಇಟ್ಕೊಂಡಿರಲಿ ಬಿಡಿ. ಕೇಳಿದೋರಿಗೆ ನಾನು ಹೇಳ್ಕೋತೀನಿ.”

ಇದು ಯಾವ ಶಾಸ್ತ್ರದಲ್ಲಿದೆ ಎಂದು ಮಾವ ಕೇಳಲಿಲ್ಲ.

ಸಂಜೆ ಬಾವಿಕಟ್ಟೆಯಲ್ಲಿ ಗೆದ್ದ ಹುರುಪಿನಿಂದ ನಾನೇ ಬಾಯಿಬಿಟ್ಟೆ. “ಪುಟ್ಟತ್ತೆ, ಅಕಸ್ಮಾತ್ ಅವರು ಪುಸ್ತಕದಲ್ಲಿ ಇದ್ದಿದ್ದರೆ?”

ಅವರು ಹಗ್ಗ ಎಳೆಯುವುದನ್ನು ನಿಲ್ಲಿಸಲಿಲ್ಲ.

“ಇದ್ದಿದ್ದರೆ ನೀನು ಓದ್ತಿದ್ದೆಯೇನೆ?”

ಅವರ ಗಂಡ ಬರಲೇ ಇಲ್ಲ. ಪುಟ್ಟತ್ತೆ ಕಡೆಯವರೆಗೂ ಕುಂಕುಮ ಇಟ್ಟುಕೊಂಡೇ ಇದ್ದರು. ಸಮುದ್ರದ ದೆವ್ವಗಳ ಹಾಜರಿ ಕರೆದ ನಮ್ಮ ಪುಟ್ಟತ್ತೆಯ ಕಥೆ ಹೇಳಿ ನಾನು ಎಷ್ಟು ಮದುವೆ ಮನೆಗಳಲ್ಲಿ ನಗಿಸಿದ್ದೇನೋ. ಬಾವಿಕಟ್ಟೆಯ ಮಾತನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಅದು ನನಗೂ ಅರ್ಧವೇ ಅರ್ಥವಾಗಿತ್ತು ಅನ್ನಿ.

ಸುಮ ಓದುತ್ತಿದ್ದಾಳೆ. ಕಡಲ ದಂಡೆಯ ಮನೆಯಲ್ಲಿ ಒಬ್ಬಳೇ ಮುದುಕಿ, ಕಣ್ಣು ಕಾಣದು, ಯಾರೋ ಬಾಗಿಲು ತಟ್ಟುತ್ತಾರೆ. ಇಲ್ಲಿಗೆ ಅವಳ ದನಿ ಒಂದು ಗಳಿಗೆ ತಡೆಯಿತು. ಎರಡು ಹಾಳೆ ಒಟ್ಟಿಗೆ ಮಗುಚಿದ ಸದ್ದಾಯಿತು. ಮುಂದಿನ ವಾಕ್ಯದಲ್ಲಿ ಬೆಳಗಾಗಿತ್ತು, ಬೆಸ್ತರು ಬಲೆ ಒಣಗಿಸುತ್ತಿದ್ದರು, ಮುದುಕಿಯ ಸುದ್ದಿಯೇ ಇರಲಿಲ್ಲ.

“ಯಾಕಜ್ಜಿ, ಏನಾಯ್ತು?”

“ಏನಿಲ್ಲ ಕಣೇ. ಚೆನ್ನಾಗಿ ಓದ್ತೀಯ. ಮುಂದಕ್ಕೆ ಓದು.”